ಹದಿನಾಲ್ಕನೇ ದಿನದ ‘ಆಯ್ತು’

ಕೊರೊನಾ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಚಿತ್ರದುರ್ಗದ ಒಂದು ಕಟ್ಟಡ ಕಂಪನಿಯಲ್ಲಿ ಕ್ಯೂರಿಂಗ್ ಮೇಸ್ತ್ರಿಯಾಗಿದ್ದೆ. ನನ್ನ ಕೈಕೆಳಗೆ ಐದು ಜನ ಹೆಣ್ಣಾಳು. ಕಂಪನಿಗೆ ಹಿರಿಯೂರಲ್ಲೊಂದು, ಭರಮಸಾಗರದಲ್ಲೊಂದು ಕೆಲಸ ನಡೆಯುತ್ತಿತ್ತು. ನಾನಿದ್ದದ್ದು ಹೊಳಲ್ಕೆರೆಯಿಂದ ರಾಮಗಿರಿ ಕಡೆಗೆ ಹೋಗುವ ರಸ್ತೆಯಲ್ಲಿ ಏಳುತ್ತಿದ್ದ ಒಂದು ಕಲ್ಯಾಣ ಮಂಟಪದ ಸೈಟಿನಲ್ಲಿ. ಹೇಳಹೊರಟಿರುವುದು ಅಲ್ಲಿಯದೇ ಸಂಗತಿ.

ಕ್ಯೂರಿಂಗ್ ಎಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಓದಿದವರೂ ಅಂದುಕೊಂಡಿದ್ದಾರೆ. ತಪ್ಪು. ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಕಾಂಕ್ರೀಟು ಹಾಕಿದ ಮರುದಿನದಿಂದ ಸ್ಲ್ಯಾಬಿನ ಮೇಲೆ ಹೊಲದ ಮಡಿಗಳಂತೆ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು. ಪಿಲ್ಲರಿಗೆ ಗೋಣಿಚೀಲ ಸುತ್ತಿ ದಿನಕ್ಕೆ ಮೂರು ಸಲ ತೋಯಿಸಬೇಕು. ಹೀಗೆ ಹದಿನಾಲ್ಕು ದಿನ. ಒಂದು ದಿನ ಮೈಗಳ್ಳತನ ಮಾಡಿದರೂ ಆಗ ಕಣ್ಣಿಗೆ ಕಾಣುವುದಿಲ್ಲ, ಐದು ವರ್ಷದ ಮೇಲೆ ಸೋರುವಾಗ ಕಾಣುತ್ತದೆ. ಆ ಹೊತ್ತಿಗೆ ನಾನು ಹದಿನಾರು ವರ್ಷ ಈ ಕೆಲಸ ಮಾಡಿದ್ದೆ. ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಬಸ್ಸಿನ ಬೋರ್ಡು ಓದಿ ಮುಗಿಯುವುದು ಬಸ್ಸು ಹೋದ ಮೇಲೆ.

ಆ ವರ್ಷ ಕಂಪನಿಯವರು ಸೈಟಿನ ಕೆಲಸವನ್ನೆಲ್ಲ ಫೋನಿಗೆ ಹಾಕಲು ಹೊರಟರು. ಅದಕ್ಕೆ ಮೊದಲು ನಮ್ಮಲ್ಲಿ ಎಲ್ಲವೂ ಬಾಯಿಮಾತು. ಇಂಜಿನಿಯರು ಮೇಸ್ತ್ರಿಗೆ ಹೇಳುವುದು, ಮೇಸ್ತ್ರಿ ಆಳಿಗೆ ಹೇಳುವುದು. ಕೆಲಸ ಕೆಟ್ಟರೆ ‘ನಾನು ಹೇಳಿದ್ದೆ’, ‘ನೀನು ಹೇಳಲೇ ಇಲ್ಲ’ ಎಂದು ದಿನವಿಡೀ ಜಗಳ. ಜಗಳದಲ್ಲಿ ಗೆಲ್ಲುತ್ತಿದ್ದವರು ಗಂಟಲು ದೊಡ್ಡದಿದ್ದವರು. ನನ್ನದು ದೊಡ್ಡದೇ, ಆದ್ದರಿಂದ ನನಗೇನೂ ನಷ್ಟವಿರಲಿಲ್ಲ.

ನಮ್ಮ ಸೈಟ್ ಇಂಜಿನಿಯರು ನಂದಿನಿ. ಹೊಸದುರ್ಗದ ಕಡೆಯ ಕುರಿ ಕಾಯುವ ಮನೆಯ ಹುಡುಗಿ. ಬಿಸಿಲಿಗೆ ಹೆದರುವವಳಲ್ಲ. ಒಂದು ಸೋಮವಾರ ಬೆಳಿಗ್ಗೆ ಎಲ್ಲ ಮೇಸ್ತ್ರಿಗಳನ್ನು ಶೆಡ್ಡಿನಲ್ಲಿ ಕೂರಿಸಿ ಪಾಠ ಮಾಡಿದಳು. ಆಫೀಸಿನಿಂದ ಫೋನಿಗೆ ಕೆಲಸದ ಚೀಟಿ ಬರುತ್ತದೆ. ಏನು ಕೆಲಸ, ಎಲ್ಲಿ, ಯಾವಾಗ ಎಂಬುದೆಲ್ಲ ಅದರಲ್ಲಿರುತ್ತದೆ. ಕೆಳಗೆ ಎರಡು ಗುಂಡಿ. ಕೆಂಪು ಗುಂಡಿಯ ಮೇಲೆ ‘ತೊಂದರೆ’ ಎಂದು ಬರೆದಿದೆ, ಹಸಿರು ಗುಂಡಿಯ ಮೇಲೆ ‘ಆಯ್ತು’ ಎಂದು. ಗುಂಡಿ ಒತ್ತುವ ತನಕ ಫೋನು ಕುಂಯ್ ಕುಂಯ್ ಎನ್ನುತ್ತಲೇ ಇರುತ್ತದೆ.

“ಚೀಟಿ ಓದ್ರಿ, ಕೆಲಸ ನೋಡ್ಕಳ್ರಿ, ಆಯ್ತು ಒತ್ರಿ. ಅಷ್ಟೇ,” ಅಂದಳು.

“ಆಯ್ತು ಮೇಡಮ್ಮ,” ಅಂದೆವು ಎಲ್ಲರೂ.

ಸೆಂಟ್ರಿಂಗ್ ಮೇಸ್ತ್ರಿ ತಿಪ್ಪೇಸ್ವಾಮಿ ಹಿಂದಿನಿಂದ ಕೂಗಿದ: “ಈ ಫೋನಿಗೂ ನಮ್ಮನೆಯವಳಿಗೂ ಏನು ವ್ಯತ್ಯಾಸ ಇಲ್ಲ ಬಿಡ್ರಿ ಮೇಡಮ್ಮ. ಆಯ್ತು ಅಂದ್ರೆ ಇಬ್ರೂ ಸುಮ್ನಾಗ್ತಾರೆ.”

ಎಲ್ಲರೂ ನಕ್ಕರು. ನಂದಿನಿಯೂ ನಕ್ಕಳು. ನಗುವ ಬದಲು ಆ ಮಾತನ್ನು ನಾವು ಕಿವಿಗೊಟ್ಟು ಕೇಳಬೇಕಿತ್ತು.

ತಿಪ್ಪೇಸ್ವಾಮಿಯ ಬಗ್ಗೆ ಒಂದು ಮಾತು. ಕಾಂಕ್ರೀಟು ಹಾಕುವ ಮೊದಲು ಅಚ್ಚು ಕಟ್ಟುವುದು, ಅದರ ಕೆಳಗೆ ಜಾಕಿ ನಿಲ್ಲಿಸುವುದು, ಗಟ್ಟಿಯಾದ ಮೇಲೆ ಬಿಚ್ಚುವುದು ಅವನ ಕೆಲಸ. ಜಾಕಿ ಎಂದರೆ ಎತ್ತರ ಏರಿಸಿ ಇಳಿಸಬಹುದಾದ ಕಬ್ಬಿಣದ ಆಸರೆ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ನನಗೂ ಅವನಿಗೂ ಆಗುತ್ತಿರಲಿಲ್ಲ. “ನಿನ್ನ ಹಲಗೆ ನನ್ನ ಪೈಪಿಗೆ ಅಡ್ಡ ಅದಾವೆ, ತೆಗಿ” ಎಂದರೆ “ಆಯ್ತು ಓಬಕ್ಕ” ಅನ್ನುವನು. ಸಂಜೆಗೂ ಹಲಗೆ ಅಲ್ಲೇ ಬಿದ್ದಿರುವವು. ಹದಿನಾರು ವರ್ಷ ಇದೇ ಕಥೆ. ಅವನೊಬ್ಬ ಸುಳ್ಳ ಎಂದು ನಾನು ಎಂದೋ ತೀರ್ಮಾನಿಸಿಬಿಟ್ಟಿದ್ದೆ.

ಫೋನು ಬಂದ ಮೊದಲ ತಿಂಗಳು ಎಲ್ಲ ಸಲೀಸಾಗಿ ನಡೆಯಿತು. ಬರುತ್ತಿದ್ದುದು ಸಣ್ಣ ಸಣ್ಣ ಕೆಲಸ. ಆಯ್ತು ಒತ್ತಿ ಒಂದು ಗಂಟೆಯೊಳಗೆ ಮುಗಿಸಿಬಿಡುತ್ತಿದ್ದೆವು. ಚಿತ್ರದುರ್ಗದ ಆಫೀಸಿನಲ್ಲಿ ಗೋಡೆಗೆ ಟಿ.ವಿ. ಹಾಕಿ ಅದರಲ್ಲಿ ಮೂರೂ ಸೈಟಿನ ಕೆಲಸ ಹಸಿರು, ಕೆಂಪು ಬಣ್ಣದಲ್ಲಿ ಕಾಣುವಂತೆ ಮಾಡಿದ್ದರು. ನಮ್ಮ ಸೈಟು ಯಾವಾಗಲೂ ಹಸಿರು. ನಮ್ಮನ್ನು ನೋಡಿ ಕಲಿಯಿರಿ ಎಂದು ಹಿರಿಯೂರಿನವರಿಗೆ ಬೈಗುಳ ಬೀಳುತ್ತಿತ್ತಂತೆ.

ಆಮೇಲೆ ಮಂಟಪದ ದೊಡ್ಡ ಹಾಲಿಗೆ ಸ್ಲ್ಯಾಬ್ ಹಾಕಿದೆವು. ನಡುವೆ ಪಿಲ್ಲರಿಲ್ಲದ ಹಾಲು. ಮೂವತ್ತೆರಡು ಅಡಿ ಉದ್ದದ ಆರು ಬೀಮುಗಳ ಮೇಲೆ ಇಡೀ ಸ್ಲ್ಯಾಬು ಕೂತಿರಬೇಕು. ಲೆಕ್ಕ ಹೀಗೆ: ಬೀಮುಗಳ ನಡುವಿನ ಸ್ಲ್ಯಾಬಿನ ಅಚ್ಚನ್ನು ಹದಿನಾಲ್ಕು ದಿನಕ್ಕೆ ಬಿಚ್ಚಬಹುದು, ಬೀಮಿನ ಅಡಿಯ ಜಾಕಿಗಳನ್ನು ಇಪ್ಪತ್ತೊಂದು ದಿನ ಮುಟ್ಟಬಾರದು. ಸ್ಲ್ಯಾಬಿನ ಅಚ್ಚು ತೆಗೆದ ಕೂಡಲೇ ಅದರ ಭಾರವೆಲ್ಲ ಬೀಮಿನ ಮೇಲೆ ಬರುತ್ತದೆ. ಹಾಗಾಗಿ ಅಚ್ಚು ತೆಗೆಯುವ ಮೊದಲೇ ಪ್ರತಿ ಬೀಮಿನ ಅಡಿಗೆ ಇನ್ನೂ ಎರಡೆರಡು ಜಾಕಿ ಕೊಡಬೇಕು.

ಕಾಂಕ್ರೀಟು ಹಾಕಿದ ಮರುದಿನ ಬೆಳಿಗ್ಗೆ ಏಳಕ್ಕೆ ನನ್ನ ಫೋನು ಕುಂಯ್ ಎಂದಿತು. ‘ಹಾಲ್ ಸ್ಲ್ಯಾಬಿಗೆ 14 ದಿನ ನೀರು.’ ಇದನ್ನು ಹೇಳಿಸಿಕೊಂಡು ಮಾಡುವವಳೇ ನಾನು ಅಂದುಕೊಂಡು ಆಯ್ತು ಒತ್ತಿ ಪೈಪು ಹಿಡಿದೆ. ಹದಿಮೂರನೇ ದಿನ ಟೀ ಕುಡಿಯುವಾಗ ತಿಪ್ಪೇಸ್ವಾಮಿಯ ಫೋನು ಕುಂಯ್ ಎಂದಿತು. ‘ಆರೂ ಬೀಮಿನ ಅಡಿ ಎರಡೆರಡು ಹೆಚ್ಚಿನ ಜಾಕಿ.’ ಅವನೂ ಆಯ್ತು ಒತ್ತಿ, ಲೋಟ ತೊಳೆದಿಟ್ಟು, “ಹನ್ನೆರಡು ಜಾಕಿ ಇಲ್ಲೆಲ್ಲಿ ಅದಾವೆ? ಭರಮಸಾಗರದಿಂದ ತರಬೇಕು. ನಾಳೆ ಬೆಳಿಗ್ಗೆ ಹೋಗ್ತೀನಿ,” ಎಂದು ತನ್ನ ಆಳುಗಳಿಗೆ ಹೇಳಿದ್ದನ್ನು ನಾನೇ ಕೇಳಿದ್ದೆ.

ಹದಿನಾಲ್ಕನೇ ದಿನ. ಬೆಳಿಗ್ಗೆ ತಿಪ್ಪೇಸ್ವಾಮಿ ತನ್ನ ಆಳುಗಳನ್ನು ಕರೆದುಕೊಂಡು ಲಗೇಜ್ ಆಟೋದಲ್ಲಿ ಭರಮಸಾಗರಕ್ಕೆ ಹೋದ. ನಂದಿನಿ ಹೊಳಲ್ಕೆರೆ ಪೇಟೆಯಲ್ಲಿ ಯಾವುದೋ ಕಾಗದಪತ್ರದ ಕೆಲಸದಲ್ಲಿದ್ದಳು. ನಾನು ಸ್ಲ್ಯಾಬಿನ ಮೇಲೆ ಕೊನೆಯ ದಿನದ ನೀರು ಬಿಡುತ್ತಿದ್ದೆ. ಒಂಬತ್ತೂವರೆಯ ಹೊತ್ತಿಗೆ ಕೆಳಗೆ ಸುತ್ತಿಗೆ ಸದ್ದು ಕೇಳಿತು. ತಿಪ್ಪೇಸ್ವಾಮಿ ಇಷ್ಟು ಬೇಗ ಬಂದನೇ ಅಂದುಕೊಂಡೆ. ಸದ್ದು ಬೇರೆಯಾಗಿತ್ತು. ಜಾಕಿ ನಿಲ್ಲಿಸುವಾಗ ಒಂದು ಬಗೆಯ ಸದ್ದು, ಬಿಚ್ಚುವಾಗ ಇನ್ನೊಂದು. ಬಿಚ್ಚುವಾಗ ಸುತ್ತಿಗೆ ಏಟಿನ ಹಿಂದೆಯೇ ಅಚ್ಚಿನ ಕಬ್ಬಿಣದ ಶೀಟು ನೆಲಕ್ಕೆ ಬಿದ್ದ ಸದ್ದು ಬರುತ್ತದೆ.

ಪೈಪು ಎಸೆದು ಇಳಿದೆ. ಹಾಲಿನೊಳಗೆ ಎಂಟು ಜನ ಹೊಸ ಗಂಡಾಳುಗಳು. ಹಿರಿಯೂರಿನ ಗ್ಯಾಂಗು, ಅಲ್ಲಿನ ಕೆಲಸಕ್ಕೆ ನಮ್ಮ ಅಚ್ಚು ಬಿಚ್ಚಿ ಒಯ್ಯಲು ಬಂದವರು. ಬೀಮುಗಳ ನಡುವಿನ ಎರಡು ಅಂಕಣದ ಅಚ್ಚನ್ನು ಆಗಲೇ ಬಿಚ್ಚಿ ಟೆಂಪೋಗೆ ಏರಿಸುತ್ತಿದ್ದರು. ಮೂರನೆಯದಕ್ಕೆ ಸುತ್ತಿಗೆ ಹಾಕಿದ್ದರು. ಬೀಮಿನ ಅಡಿ ನೋಡಿದೆ. ಹೆಚ್ಚಿನ ಜಾಕಿ ಒಂದೂ ಇಲ್ಲ. ಎರಡನೇ ಬೀಮಿನ ನಡುವಿನ ಹಳೆಯ ಜಾಕಿಯ ಬುಡ ಭಾರ ತಡೆಯಲಾರದೆ ಹಲಗೆಯಿಂದ ಒಂದು ಬೆರಳಿನಷ್ಟು ಜಾರಿ ನಿಂತಿತ್ತು.

“ಲೇ, ನಿಲ್ಸ್ರೋ! ಸುತ್ತಿಗೆ ಕೆಳಗಿಡ್ರಿ! ಎಲ್ರೂ ಹೊರಗೆ ನಡೀರಿ!”

ಅವರಲ್ಲೊಬ್ಬ ಫೋನು ತೋರಿಸಿದ. “ಅಜ್ಜಿ, ಆಫೀಸಿಂದ ಆರ್ಡ್ರು ಬಂದೈತೆ. ಜಾಕಿ ಕೊಟ್ಟಾಗೈತೆ, ಬಿಚ್ರಿ ಅಂತ.”

“ನಿನ್ನ ಫೋನಿಗೆ ಕಣ್ಣಿಲ್ಲ, ನಿನಗೂ ಇಲ್ಲೇನೋ? ಮೇಲೆ ನೋಡೋ!”

ಅವನು ಮೇಲೆ ನೋಡಿದ, ಜಾರಿದ ಜಾಕಿಯನ್ನೂ ನೋಡಿದ. ಸುತ್ತಿಗೆ ಕೆಳಗಿಟ್ಟ. ಎಂಟೂ ಜನ ಹೊರಗೆ ಬಂದರು. ನಾನು ನಂದಿನಿಗೆ ಫೋನು ಮಾಡಿದೆ. ಅವಳು ಹತ್ತೇ ನಿಮಿಷಕ್ಕೆ ಬಂದಳು. ಸ್ಟೋರಿನಲ್ಲಿದ್ದ ಸರ್ವೆ ಮರದ ಕಂಬಗಳನ್ನು ತರಿಸಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟು, ತಾನೇ ಮುಂದೆ ನಿಂತು ಭಾರ ಬಿದ್ದ ಬೀಮುಗಳಿಗೆಲ್ಲ ಆಸರೆ ಕೊಡಿಸಿದಳು. ಯಾರಿಗೂ ಏನೂ ಆಗಲಿಲ್ಲ. ಬೀಮಿಗೂ ಏನೂ ಆಗಿರಲಿಲ್ಲ. ಮೊಳೆಯಿಂದ ಗೀಚಿ ಗೀಚಿ ಬಿರುಕು ಹುಡುಕಿದಳು, ಸಿಗಲಿಲ್ಲ. ಆಮೇಲೆ ಮಣ್ಣಿನ ರಾಶಿಯ ಮೇಲೆ ಕೂತು ನೀರು ಕೇಳಿದಳು.

ಮಧ್ಯಾಹ್ನಕ್ಕೆ ಚಿತ್ರದುರ್ಗದಿಂದ ಸಾವ್ಕಾರ್ರು ಬಂದರು. ಕಂಪನಿ ಮಾಲೀಕರನ್ನು ನಾವು ಕರೆಯುತ್ತಿದ್ದುದು ಹಾಗೆ. ಅವರ ಹಿಂದೆಯೇ ತಿಪ್ಪೇಸ್ವಾಮಿಯ ಆಟೋ ಬಂತು, ಅದರಲ್ಲಿ ಹನ್ನೆರಡು ಜಾಕಿ. ಅದನ್ನು ನೋಡಿ ಸಾವ್ಕಾರ್ರಿಗೆ ಇನ್ನಷ್ಟು ಉರಿಯಿತು. ನಿನ್ನೆಯೇ ಜಾಕಿ ಕೊಟ್ಟಾಯಿತು ಎಂದು ಒತ್ತಿದವನು ಇವತ್ತು ಜಾಕಿ ತರುತ್ತಿದ್ದಾನೆ ಎಂದರೆ ಇನ್ನೇನು ಸಾಕ್ಷಿ ಬೇಕು?

ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿದರು.

“ಎಂಟು ಜನ ಸಾಯ್ತಿದ್ರಲ್ಲೋ! ಸುಳ್ಳು ಒತ್ತಾಕೆ ನಿನಗೆ ಮನಸ್ಸಾದ್ರೂ ಹೆಂಗೆ ಬಂತು?”

“ಸುಳ್ಳು ಒತ್ತಿಲ್ಲ ಸಾವ್ಕಾರ್ರೆ. ಆಯ್ತು ಅಂದೆ. ಆಗೈತೆ ಅನ್ಲಿಲ್ಲ.”

“ಬಾಯ್ ಮುಚ್ಚು. ಮಾತಿನಾಗೆ ಆಟ ಆಡಬೇಡ. ಇವತ್ತಿಗೆ ನಿನ್ನ ಲೆಕ್ಕ ಮುಗೀತು. ನಮ್ಮ ಯಾವ ಸೈಟಿನಾಗೂ ನಿನ್ನ ಮುಖ ಕಾಣಬಾರ್ದು.”

ನಾನೂ ಸುಮ್ಮನಿರಲಿಲ್ಲ. “ನನಗೆ ಹದಿನಾರು ವರ್ಷದಿಂದ ಗೊತ್ತೈತೆ ಸಾವ್ಕಾರ್ರೆ. ಇವನ ಬಾಯಾಗೆ ಬರೋದೆಲ್ಲ ಆಯ್ತು, ಆಗೋದು ಒಂದೂ ಇಲ್ಲ,” ಅಂದೆ. ತಿಪ್ಪೇಸ್ವಾಮಿ ನನ್ನ ಕಡೆ ಒಮ್ಮೆ ನೋಡಿದ. ಮೂವತ್ತು ವರ್ಷ ಸೆಂಟ್ರಿಂಗ್ ಮಾಡಿದವನು. ಅವನು ಕಟ್ಟಿದ ಒಂದು ಅಚ್ಚೂ ಕುಸಿದದ್ದಿಲ್ಲ. ಇನ್ನು ಮುಂದೆ ಈ ಜಿಲ್ಲೆಯಲ್ಲಿ ಸುಳ್ಳು ಹೇಳಿ ಜನರನ್ನು ಸಾಯಿಸಲು ಹೊರಟವನು ಎಂಬ ಹೆಸರು ಹೊತ್ತು ತಿರುಗಬೇಕಿತ್ತು. ಆ ಹೆಸರು ಬಂದ ಮೇಸ್ತ್ರಿಯನ್ನು ಯಾರೂ ಕರೆಯುವುದಿಲ್ಲ.

ನಂದಿನಿ ಸಾವ್ಕಾರ್ರಿಗೆ ತೋರಿಸಲೆಂದು ತನ್ನ ಫೋನಿನಲ್ಲಿ ಮುಗಿದ ಕೆಲಸಗಳ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ನಾನೂ ಬಗ್ಗಿದೆ. ತಿಪ್ಪೇಸ್ವಾಮಿಯ ಹೆಸರು ಹುಡುಕುತ್ತಿದ್ದೆ. ಅಕ್ಷರ ಕೂಡಿಸಿ ಓದುವವರಿಗೆ ಬೇರೆಯವರ ಹೆಸರಿಗಿಂತ ತಮ್ಮ ಹೆಸರು ಬೇಗ ಕಣ್ಣಿಗೆ ಬೀಳುತ್ತದೆ. ‘ಓಬಕ್ಕ. ಹಾಲ್ ಸ್ಲ್ಯಾಬಿಗೆ 14 ದಿನ ನೀರು. ಮುಗಿದಿದೆ.’ ಪಕ್ಕದಲ್ಲಿ ತಾರೀಖು, ಸಮಯ. ತಾರೀಖು ಎರಡು ಸಲ ಓದಿದೆ. ಅದು ಮೊದಲನೆಯ ದಿನದ್ದು. ಬೆಳಿಗ್ಗೆ ಏಳು ಗಂಟೆ.

ಹದಿನಾಲ್ಕು ದಿನದ ನೀರನ್ನು ನಾನು ಮೊದಲ ದಿನ ಬೆಳಿಗ್ಗೆ ಏಳಕ್ಕೇ ಹಾಕಿ ಮುಗಿಸಿದ್ದೆ! ಇವತ್ತು ಬೆಳಿಗ್ಗೆ ಕೂಡ ಅದೇ ಸ್ಲ್ಯಾಬಿನ ಮೇಲೆ ಪೈಪು ಹಿಡಿದಿದ್ದೆ.

ನನಗೆ ಎಲ್ಲ ಒಂದೇ ಸಲಕ್ಕೆ ತಿಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಫೋನು ಕೆಟ್ಟಿದೆ ಅಂದುಕೊಂಡೆ. ನಾನಂತೂ ಸುಳ್ಳು ಒತ್ತಿರಲಿಲ್ಲ. ಮಾಡುತ್ತೇನೆ ಎಂದು ಒತ್ತಿದ್ದೆ. ಹಾಗಾದರೆ ತಿಪ್ಪೇಸ್ವಾಮಿ? ಅವನು ಆಗ ತಾನೆ ಹೇಳಿದ ಮಾತು ಆಮೇಲೆ ಕಿವಿಯೊಳಗೆ ಇಳಿಯಿತು. ಆಯ್ತು ಅಂದೆ, ಆಗೈತೆ ಅನ್ಲಿಲ್ಲ.

ನಾವು ಆಯ್ತು ಎಂಬ ಮಾತನ್ನು ಎಷ್ಟಕ್ಕೆಲ್ಲ ಬಳಸುತ್ತೇವೆ ನೋಡಿ. ಕೆಲಸ ಮುಗಿದರೂ ಆಯ್ತು. ಒಪ್ಪಿಕೊಂಡರೂ ಆಯ್ತು. ಫೋನು ಇಡುವಾಗಲೂ ಆಯ್ತು. ಎದುರಿಗಿರುವವರ ಬಾಯಿ ಮುಚ್ಚಿಸಲು ಆಯ್ತು ಆಯ್ತು. ಬೇರೆ ಭಾಷೆಯಲ್ಲಿ ತಯಾರಾದ ಆ ಫೋನಿನ ಲೆಕ್ಕದಲ್ಲಿ ಅದಕ್ಕೆ ಒಂದೇ ಅರ್ಥ, ಮುಗಿಯಿತು. ನಮಗೆ ಮೇಲಿನವರು ಕೆಲಸ ಹೇಳಿದಾಗ ಅದಕ್ಕೆ ಒಂದೇ ಅರ್ಥ, ಹೇಳಿದ್ದು ಕೇಳಿಸಿತು, ಮಾಡುತ್ತೇವೆ.

ಇದನ್ನು ಬಿಡಿಸಿ ಹೇಳಲು ಹೋದರೆ ಸಾವ್ಕಾರ್ರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಾರಿನ ಕೀ ಕೈಗೆ ತೆಗೆದುಕೊಂಡು ಎದ್ದೇ ಬಿಟ್ಟಿದ್ದರು.

“ಸಾವ್ಕಾರ್ರೆ, ನನ್ನ ನೀರಿನ ಮೋಟ್ರು ಸತ್ತಂಗೆ ಆಗೈತೆ. ಹೊಸದೊಂದು ಕೊಡಿಸ್ರಿ,” ಅಂದೆ.

“ಆಯ್ತು ಓಬಕ್ಕ. ಈಗ ಅದಿರ್ಲಿ...”

“ಎಲ್ಲೈತೆ?”

“ಏನು?”

“ಮೋಟ್ರು. ಈಗ ಆಯ್ತು ಅಂದ್ರಲ್ಲ.”

“ನಿನಗೇನು ತಲೆಗಿಲೆ ಕೆಟ್ಟೈತಾ? ಕೊಡಿಸ್ತೀನಿ ಅಂತ ಅಂದೆ ಕಣಮ್ಮ. ತಂದಿಟ್ಟಿದ್ದೀನಿ ಅಂದೆನಾ?”

“ತಿಪ್ಪೇಶಿನೂ ಅದನ್ನೇ ಅಂದಿದ್ದು. ಅವನು ಸುಳ್ಳ ಆದ್ರೆ ನೀವೂ ಸುಳ್ಳರು. ನಾನೂ ಸುಳ್ಳಿ, ನನ್ನ ಹೆಸರೂ ಇದ್ರಾಗೆ ಐತೆ, ಓದ್ರಿ.”

ಸಾವ್ಕಾರ್ರು ನಿಂತೇ ಇದ್ದರು. ನಂದಿನಿ ಫೋನು ಕೈಗೆ ತೆಗೆದುಕೊಂಡು ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದಳು. ಕಂಬಿ ಕಟ್ಟುವವನ ಕೆಲಸ, ಗಾರೆಯವನ ಕೆಲಸ, ಒಂದೊಂದರ ಸಮಯ ನೋಡಿದಳು. ಎಲ್ಲ ಕೆಲಸವೂ ಚೀಟಿ ಬಂದ ಒಂದೆರಡು ನಿಮಿಷಕ್ಕೆ ಮುಗಿದಿದ್ದವು. ಒಂದು ಗೋಡೆಯನ್ನಂತೂ ನಲವತ್ತು ಸೆಕೆಂಡಿನಲ್ಲಿ ಕಟ್ಟಿ ಮುಗಿಸಿದ್ದೆವು.

“ಸಾರ್, ತಪ್ಪು ನಂದು,” ಅಂದಳು. “ಆಯ್ತು ಒತ್ರಿ ಅಂತ ಹೇಳ್ಕೊಟ್ಟೆ. ಯಾವಾಗ ಅಂತ ಹೇಳ್ಲೇ ಇಲ್ಲ.”

ಸಾವ್ಕಾರ್ರು ಮತ್ತೆ ಕೂತರು. “ತಿಪ್ಪೇಸ್ವಾಮಿ, ಕುಂತ್ಕ,” ಅಂದರು. ಅಷ್ಟೇ. ಆದರೆ ಅಲ್ಲಿದ್ದ ನಮಗೆಲ್ಲ ಅವನು ಉಳಿದುಕೊಂಡ ಎಂದು ತಿಳಿಯಿತು. ಅವನು ಕೂರಲಿಲ್ಲ. “ಆಟೋದಿಂದ ಜಾಕಿ ಇಳಿಸಬೇಕು ಸಾವ್ಕಾರ್ರೆ, ಬೀಮು ಮರದ ಮೇಲೆ ನಿಂತೈತೆ,” ಎಂದು ಹೊರಗೆ ಹೋದ.

ಆಮೇಲೆ ಸಾವ್ಕಾರ್ರ ಸಿಟ್ಟು ಫೋನಿನ ಕಡೆ ತಿರುಗಿತು. ಇದೆಲ್ಲ ನಮಗೆ ಬೇಡ, ತೆಗೆದು ಬಿಸಾಕಿ, ಹಳೆಯ ಹಾಗೆ ಬಾಯಿಮಾತಿನಲ್ಲೇ ನಡೆಯಲಿ ಅಂದರು. ನಾನು ಬೇಡ ಅಂದೆ. ಬಾಯಿಮಾತಾಗಿದ್ದರೆ ತಿಪ್ಪೇಸ್ವಾಮಿ ಅವತ್ತೇ ಮನೆಗೆ ಹೋಗಿರುತ್ತಿದ್ದ. ನನ್ನ ಗಂಟಲೂ ಅವನ ವಿರುದ್ಧವೇ ಇತ್ತು. ಅವನನ್ನು ಉಳಿಸಿದ್ದು ಆ ಪಟ್ಟಿ. ಅವನ ಆಯ್ತು ಅದರಲ್ಲಿ ಕೂತ ಹಾಗೆಯೇ ನನ್ನ ಆಯ್ತು ಕೂಡ ಅಳಿಯದೆ ಕೂತಿತ್ತು. ಬಾಯಿಮಾತಿನಲ್ಲಿ ನನ್ನದನ್ನು ನಾನು ಯಾವತ್ತೋ ಮರೆತಿರುತ್ತಿದ್ದೆ. “ಫೋನು ಇರ್ಲಿ, ಗುಂಡಿ ಮೇಲಿನ ಮಾತು ಬದಲಾಯಿಸ್ರಿ,” ಅಂದೆ.

ಮರುದಿನ ಅದೇ ಶೆಡ್ಡಿನಲ್ಲಿ ಮಾತು ಹುಡುಕಲು ಕೂತೆವು. ಒಂದು ಗುಂಡಿ ಚೀಟಿ ಬಂದಾಗ ಒತ್ತಲು, ಇನ್ನೊಂದು ಕೆಲಸ ಮುಗಿದ ಮೇಲೆ ಒತ್ತಲು. ಮೊದಲನೆಯದಕ್ಕೆ ‘ಕೇಳಿದೆ’ ಎಂದು ಹಾಕೋಣ ಅಂದಳು ನಂದಿನಿ.

“ಏನು ಕೇಳ್ದೆ?” ಅಂದ ತಿಪ್ಪೇಸ್ವಾಮಿ. “ನೀವು ಹೇಳಿದ ಮಾತು ಕೇಳ್ದೆನೋ, ನಿಮ್ಮನ್ನ ಜಾಕಿ ಕೇಳ್ದೆನೋ?”

“ಸರಿ, ‘ಗೊತ್ತಾಯ್ತು’ ಅಂತ ಹಾಕಾಣ.”

“ಅದ್ರ ಬಾಲದಾಗೆ ಮತ್ತೆ ಅದೇ ಕುಂತೈತಲ್ರಿ ಮೇಡಮ್ಮ!”

ಕೊನೆಗೆ ‘ಮಾಡ್ತೀನಿ’ ಮತ್ತು ‘ಮುಗೀತು’ ಎಂದು ಎಲ್ಲರೂ ಒಪ್ಪಿದರು. ನಾನು ಒಪ್ಪಲಿಲ್ಲ. ನನ್ನಂಥವರು ಮೊದಲ ಅಕ್ಷರ ಓದಿ ಉಳಿದದ್ದನ್ನು ಊಹಿಸುತ್ತೇವೆ, ಎರಡೂ ಮಕಾರದಲ್ಲಿ ಶುರುವಾದರೆ ಮತ್ತೆ ಇದೇ ಗತಿ. ಅದಕ್ಕೆ ಹಳದಿ ಗುಂಡಿಗೆ ‘ಮಾಡ್ತೀನಿ’, ಹಸಿರು ಗುಂಡಿಗೆ ‘ಕೆಲಸ ಮುಗೀತು’ ಎಂದಾಯಿತು. ಹಸಿರು ಒತ್ತಿದರೆ ಫೋಟೋ ಕೇಳಬೇಕು, ಫೋಟೋ ಇಲ್ಲದೆ ಅದು ಮುಂದೆ ಹೋಗಬಾರದು ಎಂಬುದು ನಂದಿನಿಯ ಮಾತು. ಒಂದು ವಾರದಲ್ಲಿ ಮೂರೂ ಸೈಟಿಗೆ ಹೊಸ ಗುಂಡಿ ಬಂದವು. ಸಾವ್ಕಾರ್ರು ಆಯ್ತು ಅಂದ ಮೋಟಾರು ಬರಲು ಹತ್ತು ದಿನ ಹಿಡಿಯಿತು.

ಇಪ್ಪತ್ತೊಂದು ದಿನ ತುಂಬಿದ ಮೇಲೆ ಬೀಮಿನ ಜಾಕಿ ಇಳಿಸಿದೆವು. ನಂದಿನಿ ಬೀಮಿನ ಅಡಿಗೆ ದಾರ ಕಟ್ಟಿ ಅಳತೆ ಗುರುತು ಮಾಡಿಕೊಂಡಳು. ಎಲ್ಲರನ್ನೂ ಹೊರಗೆ ನಿಲ್ಲಿಸಿ ತಿಪ್ಪೇಸ್ವಾಮಿ ಒಬ್ಬನೇ ಒಳಗೆ ಹೋದ. ನಡುವಿನ ಜಾಕಿಯಿಂದ ಶುರು ಮಾಡಿ ಎರಡೂ ಕಡೆಗೆ ಒಂದೊಂದೇ ಸಡಿಲಿಸುತ್ತ ಬಂದ. ಒಂದು ಬೀಮಿಗೆ ಅರ್ಧ ಗಂಟೆ ಹಿಡಿಯಿತು. ಆರೂ ಬೀಮು ದಾರದ ನೇರಕ್ಕೇ ನಿಂತವು. ಹೊರಗೆ ಬಂದು ಫೋಟೋ ತೆಗೆದ. ಹಸಿರು ಗುಂಡಿಯ ಮೇಲೆ ಬೆರಳು ಇಟ್ಟವನು ಒತ್ತಲಿಲ್ಲ. ಫೋನನ್ನು ನನ್ನ ಕಡೆ ಚಾಚಿದ.

“ಓಬಕ್ಕ, ನೀನೊಂದು ಸಲ ಒಳಗೆ ಹೋಗಿ ನೋಡ್ಕಂಬಾ. ಆಮೇಲೆ ಒತ್ತಾಣ.”

ಹೋಗಿ ನೋಡಿ ಬಂದೆ. “ಸರಿಯಾಗೈತೆ. ನಿನ್ನ ಕೆಲಸ, ನೀನೇ ಒತ್ತು,” ಅಂದೆ. ಒತ್ತಿದ.

ನಾನು ಅವನಲ್ಲಿ ಕ್ಷಮೆ ಕೇಳಲಿಲ್ಲ, ಅವನೂ ಬಯಸಲಿಲ್ಲ. ಮಂಡಿ ನೋವೆಂದು ನಾನು ಕೆಲಸ ಬಿಟ್ಟು ಈಗ ಒಂದು ವರ್ಷವಾಯಿತು. ಫೋನಿಗೆ ಹೊಸ ಮಾತು ಸೇರಿಸಬೇಕಾದಾಗ ನಂದಿನಿ ಇವತ್ತಿಗೂ ನನಗೆ ಕರೆ ಮಾಡಿ, “ಓಬಕ್ಕ, ಇದನ್ನ ನಮ್ಮೋರು ಹೆಂಗೆ ತಗಂತಾರೆ?” ಎಂದು ಕೇಳುತ್ತಾಳೆ. ಕಟ್ಟಡದ ಕೆಲಸಕ್ಕೆ ಫೋನು, ಕಂಪ್ಯೂಟರ್ ತರುವವರು ತರಲಿ, ಒಳ್ಳೆಯದೇ. ಗುಂಡಿಯ ಮೇಲೆ ಬರೆಯುವ ಮೊದಲು ಮಾತ್ರ ಸೈಟಿಗೆ ಬಂದು ಒಂದು ದಿನ ಸುಮ್ಮನೆ ಕೂತು, ಆ ಮಾತನ್ನು ನಾವು ಯಾವ್ಯಾವುದಕ್ಕೆ ಆಡುತ್ತೇವೆ ಎಂದು ಕೇಳಿಸಿಕೊಂಡು ಹೋಗಲಿ.

ನನಗೆ ಈ ಸಂಗತಿ ಕಲಿಸಿದ್ದು ಬೇರೆಯೇ ಪಾಠ. ತಿಪ್ಪೇಸ್ವಾಮಿ ಸುಳ್ಳನಲ್ಲ, ಸೋಮಾರಿ. ಸೋಮಾರಿಯನ್ನು ಬೈದು ಎಬ್ಬಿಸಬಹುದು. ಸುಳ್ಳನೆಂದು ಹೆಸರಿಟ್ಟ ಮೇಲೆ ಅವನು ನಿಜ ಹೇಳಿದರೂ ಕೇಳುವವರಿರುವುದಿಲ್ಲ. ಅಷ್ಟು ತಿಳಿಯಲು ನನಗೆ ಹದಿನಾರು ವರ್ಷವೂ ಒಂದು ಫೋನೂ ಬೇಕಾಯಿತು.